ಗ್ಲಾಸು ಯಾವ ಕೈಯಲ್ಲಿತ್ತು

ಡೆಲ್ಮರ್ ಕ್ರೌಚ್ ಒಟ್ಟು ನಲವತ್ತೊಂದು ಸಲ ಸತ್ತ.
ಲೆಕ್ಕ ನನ್ನದು. ಸ್ಟುಡಿಯೋದವರು ಇಟ್ಟಿಲ್ಲ,
ಅವನೋ, ಬೆರಳು ಮಡಿಸಿ ಎಣಿಸುವ ಪೈಕಿಯಲ್ಲ.
ಗುಂಡು ತಿಂದು ಇಪ್ಪತ್ತಮೂರು, ಕುದುರೆಯಿಂದ ಬಿದ್ದು ಒಂಬತ್ತು,
ಉಳಿದದ್ದು ಚಿಲ್ಲರೆ. ಒಮ್ಮೆ ಸೂಪಿನಲ್ಲಿ ವಿಷ.
"ಸೂಪು ಚೆನ್ನಾಗಿತ್ತು ಇರ್ಮಾ," ಅಂದ,
ಮೂರನೇ ಟೇಕಿಗೆ ಬಟ್ಟಲ ತಳ ಬಳಿದಿದ್ದ.

ನನ್ನ ಕೆಲಸ ಕಂಟಿನ್ಯುಟಿ: ಕ್ಯಾಮೆರಾದ ಮಗ್ಗುಲಲ್ಲಿ ಮಡಚುಕುರ್ಚಿ,
ಕೊರಳಿಗೆ ಸ್ಟಾಪ್‌ವಾಚು, ತೊಡೆಯ ಮೇಲೆ ಹಲಗೆ.
ಚುಟ್ಟ ಎಷ್ಟು ಉರಿದಿತ್ತು, ಗುಂಡಿ ಹಾಕಿತ್ತೋ ಬಿಚ್ಚಿತ್ತೋ,
ಗ್ಲಾಸು ಯಾವ ಕೈಯಲ್ಲಿತ್ತು.
ನಾಯಕನದು ಎಲ್ಲರೂ ನೋಡುತ್ತಾರೆ.
ನಾಯಕನ ಭುಜದಾಚೆ, ಅರ್ಧ ಮಸುಕಿನಲ್ಲಿ,
ಕೌಂಟರು ಒರೆಸುವವನ ಕೈಯನ್ನೂ ಯಾರಾದರೂ ಬರೆಯಬೇಕಲ್ಲ.
ಇಪ್ಪತ್ತಾರು ವರ್ಷ ಬರೆದೆ.
ಕಟ್ಟಿಕೊಂಡವಳೂ ಅಷ್ಟು ನೋಡಿರಲಾರಳು
ಎಂದು ಒಳಗೊಳಗೇ ಒಂದು ಜಂಬ ಸಾಕಿದ್ದೆ.

ಟೊಲೀಡೊದ ಕ್ಷೌರಿಕನ ಮಗ. ಅಪ್ಪ ಕತ್ತರಿ ಮುಟ್ಟಗೊಡಲಿಲ್ಲವಂತೆ.
ಯಾಕೆ, ನಾನು ಕೇಳಲಿಲ್ಲ.
ಅವನ ಪಾಲಿಗೆ ಬಂದದ್ದು ಎರಡನೇ ಕನ್ನಡಿ:
ಗಿರಾಕಿಗೆ ಅವನದೇ ಹೆಗ್ಗತ್ತು ತೋರಿಸುವುದು.
"ಕನ್ನಡಿ ಹಿಡಿದವನು ಕನ್ನಡಿಯಲ್ಲಿ ಬೀಳಬಾರದು,
ಬಿದ್ದರೆ ಅಪ್ಪ ಮೊಣಕಾಲಲ್ಲಿ ತಿವಿಯುತ್ತಿದ್ದ."
ಅಷ್ಟೇ ಅವನು ಓದಿದ ನಟನಾಶಾಲೆ.

ತಂತಿ ಆಫೀಸಿನ ಗುಮಾಸ್ತ, ಹೆಣ ನೋಡಿ ತಲೆಯಾಡಿಸುವ ಡಾಕ್ಟರು,
ಆರೇ ಮಾತಿನ ಜಡ್ಜು, ಅರ್ಧದಲ್ಲೇ ಸಾಯುವ ಷರೀಫ.
ರಸ್ತೆಯಲ್ಲಿ ತಡೆದು ಜನ, ನಿಮ್ಮನ್ನೆಲ್ಲೋ ನೋಡಿದ ಹಾಗಿದೆ,
ಫ್ರೆಸ್ನೋದಲ್ಲಿ ಪೈಪು ರಿಪೇರಿ ಮಾಡ್ತೀರಲ್ಲ? ಅನ್ನುವರು.
ಹೌದು ಅನ್ನುತ್ತಿದ್ದ. ಒಮ್ಮೆ ಸೋರುವ ನಲ್ಲಿಗೆ ಸಲಹೆಯನ್ನೂ ಕೊಟ್ಟ.

ಒಂದು ವರ್ಷ ಫೋನು ಬಡಿದುಕೊಳ್ಳಲಿಲ್ಲ.
ಯಾಕೆಂದು ಅವನು ಹೇಳಲಿಲ್ಲ; ಆ ವರ್ಷ
ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.
ವ್ಯಾನ್ ನೈಸ್‌ನಲ್ಲಿ ಬೇಲಿಗಳಿಗೆ ಬಣ್ಣ ಬಳಿದ.

ಐವತ್ತಾರರಲ್ಲಿ, ಇನ್ಯಾರೋ ಕುಡಿದು ಬಿದ್ದದ್ದರಿಂದ,
ಒಂಬತ್ತು ದಿನದ ಚಿತ್ರವೊಂದು ಅವನ ಮಡಿಲಿಗೆ ಬಿತ್ತು.
ಎಂಟನೇ ದಿನ ನಾಯಕ ಕುದುರೆ ಹತ್ತಿ ಹೋದ.
ಕ್ಯಾಮೆರಾ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ.
ಇನ್ನೊಂದು ಕುದುರೆ ಹಿಡಿದಿದ್ದ ಸ್ನೆಡೆಕರನ ಮೇಲೇ ನಿಂತಿತು,
ದಿನಗೂಲಿಯ ಎಕ್ಸ್‌ಟ್ರಾ, ಊಟದ ಪೊಟ್ಟಣಕ್ಕೆ ಸಾಲಿನಲ್ಲಿ ಮೊದಲಿಗ.
"ನಾನೇನು ಮಾಡಲಿ ಸಾರ್?"
"ಮನೆ ಸೇರಿದ ಮೇಲೆ, ಟೋಪಿ ತೆಗೆಯುವ ಮುಂಚೆ
ಏನು ಮಾಡ್ತೀಯೋ ಅದು."
ಹತ್ತಿರ ಹೋಗಿ ಲಗಾಮನ್ನು ಇನ್ನೊಂದು ಕೈಗೆ ಕೊಟ್ಟ.
ಬೆಳಕಿಗೋಸ್ಕರ ಅಂದುಕೊಂಡೆ. ಬರೆದುಕೊಂಡೆ: ಲಗಾಮು, ಎಡ.
ಧೂಳು ಕೂತಿತು. ಕಿವಿಯ ಮೇಲೆ ನೊಣ ಕೂತಿತು.
ಸ್ನೆಡೆಕರ್ ನಿಂತೇ ಇದ್ದ.
ನನ್ನ ವಾಚಿನಲ್ಲಿ ನಲವತ್ತು ಸೆಕೆಂಡು.

"ಯಾರಿವನು? ಇವನನ್ನು ಯಾಕೆ ನೋಡ್ತಾ ಕೂತಿದ್ದೀವಿ?" ನಿರ್ಮಾಪಕ.
ಡೆಲ್ಮರ್ ಯೋಚಿಸಿ, "ಅವನಿನ್ನೂ ಉಂಡಿಲ್ಲ" ಅಂದ.
ಮೂರು ಸೆಕೆಂಡು ಉಳಿಯಿತು.
ಮಿಕ್ಕದ್ದು ಎಡಿಟಿಂಗ್ ಕೋಣೆಯ ನೆಲದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು,
ಐವತ್ತೈದು ಅಡಿ.
ಕೈಚೀಲಕ್ಕೆ ಹಾಕಿಕೊಂಡೆ. ಕಳ್ಳತನವೇ, ಸರಿ.

ಆಮೇಲೆ ಟಿವಿ; ಅಲ್ಲೊಂದು ಇಲ್ಲೊಂದು ಕಂತು.
ಹೇಳಿದ ದಿನಕ್ಕೆ ಮುಗಿಸಿಕೊಡುತ್ತಾನೆ ಎಂದರು.
ಬರ್ಬ್ಯಾಂಕಿನಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ನಲವತ್ತೆರಡನೆಯದು ಮನೆಯಲ್ಲೇ, ಒಂದೇ ಟೇಕು.
ಕ್ಲೀಟಾ ಫೋನು ಮಾಡಿದಳು: ಮಾತ್ರೆಗೆಂದು ನೀರು ತಗೊಂಡಿದ್ದ,
ಗ್ಲಾಸು ಕೈಯಲ್ಲೇ ಇತ್ತು, ಒಡೆಯಲೂ ಇಲ್ಲ.
ತಡೆಯುವ ಮೊದಲೇ ಬಾಯಿಂದ ಬಂತು: ಯಾವ ಕೈಯಲ್ಲಿ?
ಆಚೆ ಒಂದು ಗಳಿಗೆ ಮೌನ.
"ಎಡಗೈಯಲ್ಲಿ. ಅವನು ಎಡಚ ತಾನೇ?
ಮೊದಲ ಚಿತ್ರದಲ್ಲಿ ಯಾರೋ ಗದರಿದ್ದಕ್ಕೆ
ಕೆಲಸದಲ್ಲಿ ಮಾತ್ರ ಬಲಗೈ.
ಇರ್ಮಾ, ನಿನಗೆ ಗೊತ್ತಿರಬೇಕಲ್ಲ."

ಹಲಗೆ ಕೆಳಗಿಟ್ಟ ಮೇಲೆ
ನಾನು ಯಾರ ಕೈಯನ್ನೂ ನೋಡಿದವಳಲ್ಲ.

ಈಗಲೂ ಕೆಲವು ಬೆಳಿಗ್ಗೆ, ಗ್ಲೆಂಡೇಲಿನ ಅಡುಗೆಮನೆಯ ಕಿಟಕಿಗೆ
ಆ ಪಟ್ಟಿ ಹಿಡಿದು ಗೇಣು ಗೇಣಾಗಿ ಜರುಗಿಸುತ್ತೇನೆ.
ಕುದುರೆ. ಲಗಾಮು. ಎಡ.
ನೊಣ ಇನ್ನೂ ಹಾರಿಲ್ಲ.